ಆರೋಗ್ಯವಂತರ ಸಾಲಿನಲ್ಲಿ ತುಹಾಮಿ

ನಮ್ಮ ಐನ್ ಝರ್ಗಾ ಊರಿನಲ್ಲಿ ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಅವರು ತುಹಾಮಿಯ ಮಾಂಸದಂಗಡಿಯ ಮುಂದೆ ಹಾಯದೆ, ಹಿಂದಿನ ಓಣಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋಗುತ್ತಿದ್ದರು. ಕಾಯಿಲೆ ಬೀಳುವುದೆಂದರೆ ತುಹಾಮಿಯ ಪ್ರಕಾರ ಸೋಮಾರಿಗಳು ಕಲಿತ ಚಟ. ಕೈಯಲ್ಲಿ ಔಷಧಿ ಪೊಟ್ಟಣ ಕಂಡರೆ ಸಾಕು, ಕತ್ತಿ ಮಸೆಯುವುದನ್ನು ಅಷ್ಟಕ್ಕೇ ಬಿಟ್ಟು, ಏನು ತಿಂದೆ, ಎಷ್ಟು ಹೊತ್ತಿಗೆ ಎದ್ದೆ, ನಿಮ್ಮಪ್ಪ ಹೇಗಿದ್ದ, ನೀನು ಹೇಗಾದೆ ಎಂದೆಲ್ಲ ವಿಚಾರಣೆ ನಡೆಸಿ, ಕೊನೆಗೆ ತನ್ನ ಹೊಟ್ಟೆಯನ್ನು ಟಪಟಪ ಬಡಿದು ತೋರಿಸುವನು. ಅರವತ್ತರ ಹತ್ತಿರ ಬಂದರೂ ಒಂದು ಮಾತ್ರೆ ನುಂಗಿದವನಲ್ಲ, ಒಂದು ಸೂಜಿ ಚುಚ್ಚಿಸಿಕೊಂಡವನಲ್ಲ. ಈ ಸಂಗತಿಯನ್ನು ಊರಿನ ಗೋಡೆಗಳಿಗೂ ಬಾಯಿಪಾಠ ಮಾಡಿಸಿದ್ದ.

ಆದರೂ ಮಾಂಸ ಬೇಕೆಂದರೆ ಎಲ್ಲರೂ ಅವನಲ್ಲಿಗೇ ಬರಬೇಕು. ಮಾತು ಎಷ್ಟು ಒರಟೋ ಮಾಂಸ ಅಷ್ಟೇ ಚೊಕ್ಕ. ಕುರಿಯ ಹೊಟ್ಟೆ ಸೀಳಿದ ಕೂಡಲೇ ಲಿವರನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಅಡ್ಡ ಕೊಯ್ದು ನೋಡುವನು. ನೀರು ತುಂಬಿದ ಬಿಳಿ ಗುಳ್ಳೆ ಒಂದೇ ಒಂದು ಕಂಡರೂ ಆ ಲಿವರು ಗಿರಾಕಿಯ ಚೀಲಕ್ಕೆ ಹೋಗುವಂತಿಲ್ಲ. ಅದು ಹಿಂಬಾಗಿಲ ಪಕ್ಕದ ತಗಡಿನ ಡಬ್ಬಕ್ಕೆ ಹೋಗಬೇಕು. ಸಂಜೆ ಅಂಗಡಿ ಮುಚ್ಚುವ ಮುಂಚೆ ಆ ಡಬ್ಬ ಹಿಂದಿನ ಓಣಿಗೆ ಬರುತ್ತಿತ್ತು. ಅಲ್ಲಿ ಊರಿನ ನಾಯಿಗಳೆಲ್ಲ, ನಮ್ಮ ಅಂಚೆ ಕಚೇರಿಯ ಮುಂದೆ ನಿಲ್ಲುವ ಜನಕ್ಕಿಂತ ಶಿಸ್ತಾಗಿ, ಸಾಲುಗಟ್ಟಿ ಕೂತಿರುತ್ತಿದ್ದವು. ಹಸಿದ ಪ್ರಾಣಿಗೆ ತಿನ್ನಿಸಿದರೆ ದೇವರು ಮೆಚ್ಚುತ್ತಾನೆ ಎಂದು ತುಹಾಮಿ ಹೇಳುತ್ತಿದ್ದ. ಪುಣ್ಯವೂ ಬಂತು, ಗಬ್ಬೂ ಹೋಯಿತು. ಇಷ್ಟು ಸಲೀಸಾದ ಪುಣ್ಯ ಮೌಲ್ವಿಗೂ ಸಿಕ್ಕಿರಲಿಲ್ಲ.

ಆ ಗುಳ್ಳೆಗೆ ನಮ್ಮ ಕಡೆ ನಾಯಿಗುಳ್ಳೆ ಎನ್ನುತ್ತಾರೆ. ಗುಳ್ಳೆ ಎದ್ದ ಲಿವರನ್ನು ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಹುಳುವಾಗುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಸೊಪ್ಪಿಗೆ, ಅಂಗಳದ ಮಣ್ಣಿಗೆ ಸೇರುತ್ತದೆ. ಅದು ಬಾಯಿಗೆ ಹೋದರೆ ಕುರಿಯೇ ಆಗಲಿ ಮನುಷ್ಯನೇ ಆಗಲಿ, ಒಳಗೆ ಮತ್ತೆ ಅದೇ ಗುಳ್ಳೆ. ಶಾಲೆಯ ಗೋಡೆಯ ಮೇಲೆ ಇದರ ಚಿತ್ರವಿದೆ, ಮಕ್ಕಳೆಲ್ಲ ಒಪ್ಪಿಸುತ್ತಾರೆ. ತುಹಾಮಿಗೂ ಗೊತ್ತಿತ್ತು. ಆದರೆ ಚಿತ್ರದಲ್ಲಿ ಇಲ್ಲದ ಒಂದು ಮಾತನ್ನು ಅವನು ತಾನಾಗಿ ಸೇರಿಸಿಕೊಂಡಿದ್ದ: ಅದು ಬರುವುದು ಕೊಳಕರಿಗೆ ಮಾತ್ರ. ಯಾರ ಮನೆಯಲ್ಲಾದರೂ ನಾಯಿಗುಳ್ಳೆಯ ಆಪರೇಷನ್ ಆಯಿತೆಂದು ಸುದ್ದಿ ಬಂದರೆ, "ಅವರ ಅಡುಗೆಮನೆ ಒಂದ್ಸಲ ಇಣುಕಿ ನೋಡಿ, ಆಮೇಲೆ ಅಯ್ಯೋ ಪಾಪ ಅನ್ನಿ" ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳುವನು. ಅಂಥ ಮನೆಯ ಹೆಣ್ಣುಮಕ್ಕಳು ಒಂದೆರಡು ತಿಂಗಳು ಮಾಂಸ ತರಲು ಬೇರೆಯವರನ್ನು ಕಳಿಸುತ್ತಿದ್ದರು.

ಅವನ ಹೆಂಡತಿ ಮೊಂಜಿಯಾ ಮಾತು ಕಡಿಮೆಯ ಹೆಂಗಸು. ಗಂಡ ಹೆಂಡತಿ ಇಬ್ಬರ ಪಾಲಿನ ಮಾತನ್ನೂ ತುಹಾಮಿ ಒಬ್ಬನೇ ಆಡಿ ಮುಗಿಸುತ್ತಿದ್ದುದರಿಂದ ಮನೆಯಲ್ಲಿ ಕೊರತೆ ಕಾಣುತ್ತಿರಲಿಲ್ಲ. ಏಳು ವರ್ಷದ ಹಿಂದೆ ಅವಳು ಸೂಸ್ ಪಟ್ಟಣದ ಅಕ್ಕನ ಮನೆಗೆ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಬಂದಿದ್ದಳು. ತುಹಾಮಿ ನೋಡಲು ಹೋಗಿದ್ದು ಒಂದೇ ಸಲ. ಒಂದು ಡಬ್ಬಿ ಸಿಹಿ ಮಂಚದ ಮೇಲಿಟ್ಟು, ಆಸ್ಪತ್ರೆಯ ವಾಸನೆ ತನಗೆ ಆಗದು ಎಂದು ಹೇಳಿ, ಸಂಜೆ ಬಸ್ಸಿಗೆ ವಾಪಸು ಬಂದಿದ್ದ. ಕಲ್ಲಿನ ಬಗ್ಗೆ ಅವನ ತಕರಾರೇನೂ ಇರಲಿಲ್ಲ. ಅದು ಉಂಡುಟ್ಟು ಚೆನ್ನಾಗಿರುವ ಮನೆಯವರಿಗೆ ಬರುವ ಮರ್ಯಾದಸ್ಥ ಕಾಯಿಲೆ, ಕಸಾಯಿಯ ಹೆಂಡತಿಗೆ ಒಪ್ಪುವಂಥದ್ದು. ಅವನಿಗೆ ಸರಿಬರದಿದ್ದುದು ಅವಳು ಅಲ್ಲಿಂದ ಕಲಿತು ಬಂದ ಮಡಿ. ಸೊಪ್ಪನ್ನು ಮೂರು ನೀರಲ್ಲಿ ತೊಳೆಯುವಳು. ಅಂಗಳಕ್ಕೆ ನಾಯಿ ಕಾಲಿಟ್ಟರೆ ಪೊರಕೆ ಹಿಡಿದು ಓಡಿಸುವಳು. ತಗಡಿನ ಡಬ್ಬವನ್ನು ಮುಟ್ಟುವುದಿರಲಿ, ಅದಿರುವ ಮೂಲೆಯ ಕಡೆ ತಿರುಗಿಯೂ ನೋಡಳು. ಕಲ್ಲಿನ ಜೊತೆ ಡಾಕ್ಟರುಗಳು ಇವಳ ಬುದ್ಧಿಯನ್ನೂ ತೆಗೆದುಬಿಟ್ಟರು ಎಂದು ತುಹಾಮಿ ಗಿರಾಕಿಗಳ ಮುಂದೆ ನಗುತ್ತಿದ್ದ. ಅವಳು ಕೇಳಿಸದವಳ ಹಾಗೆ ಒಳಗೆ ಹೋಗುತ್ತಿದ್ದಳು.

ಇಂಥ ಊರಿಗೆ ಟ್ಯೂನಿಸ್‌ನಿಂದ ಡಾಕ್ಟರ್ ಇಬ್ತಿಸಾಮ್ ಒಂದು ಸ್ಕ್ಯಾನಿಂಗ್ ಮಿಷನ್ನು, ಇಬ್ಬರು ನರ್ಸುಗಳು, ಒಬ್ಬ ಪಶುವೈದ್ಯ, ಇಷ್ಟನ್ನು ಕಟ್ಟಿಕೊಂಡು ಬಂದರು. ಅವರದು ಸಂಶೋಧನೆ. ನಾಯಿಗುಳ್ಳೆಯನ್ನು ಹೊಟ್ಟೆಯ ಸ್ಕ್ಯಾನಿಂಗ್ ಚೆನ್ನಾಗಿ ಹಿಡಿಯುತ್ತದೋ ಹೊಸದಾಗಿ ಬಂದ ರಕ್ತಪರೀಕ್ಷೆ ಚೆನ್ನಾಗಿ ಹಿಡಿಯುತ್ತದೋ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಶಾಲೆಯ ಒಂದು ಕೋಣೆಯಲ್ಲಿ ಪರದೆ ಕಟ್ಟಿಕೊಂಡು ಕೂತರು. ಮೊದಲ ದಿನ ಒಬ್ಬರೂ ಬರಲಿಲ್ಲ. ಬಂದರೆ ತುಹಾಮಿ ಕಂಡುಬಿಡುತ್ತಾನಲ್ಲ.

ಡಾಕ್ಟರಮ್ಮ ಜಾಣೆ. ಎರಡನೆಯ ದಿನ ಸೀದಾ ಮಾಂಸದಂಗಡಿಗೆ ಬಂದು, ಸಂಶೋಧನೆಗೆ ಕಾಯಿಲೆಯವರು ಎಷ್ಟು ಬೇಕೋ, ಹೋಲಿಸಿ ನೋಡಲು ಕಾಯಿಲೆ ಇಲ್ಲದವರೂ ಅಷ್ಟೇ ಬೇಕು ಎಂದು ವಿವರಿಸಿದರು. "ಈ ಊರಲ್ಲಿ ಗಟ್ಟಿ ಆಳು ಯಾರು ಅಂತ ಕೇಳಿದ್ರೆ ಎಲ್ರೂ ನಿಮ್ಮ ಹೆಸರೇ ಹೇಳ್ತಾರೆ ಕಾಕಾ" ಎಂದರು. ಅಷ್ಟು ಸಾಕಾಯಿತು. ಜೀವಮಾನವಿಡೀ ಡಾಕ್ಟರುಗಳನ್ನು ಬೈದವನು, ತನ್ನ ಆರೋಗ್ಯಕ್ಕೆ ಸರ್ಕಾರಿ ಮೊಹರು ಬೀಳುತ್ತದೆ ಎಂದಾಗ ಮದುವಣಿಗನಂತೆ ಹೊರಟ. ಹಬ್ಬದ ಜುಬ್ಬಾ, ಕೆಂಪು ಟೊಪ್ಪಿಗೆ, ಹೊಸ ಚಪ್ಪಲಿ. ಹಿಂದೆ ಅರ್ಧ ಊರು. ಕಟುಕನೇ ಹೊಟ್ಟೆ ತೋರಿಸುತ್ತಾನೆಂದರೆ ಉಳಿದವರಿಗೆಂಥ ನಾಚಿಕೆ? ಹೆಂಗಸರು ಕೂಡ ಮಧ್ಯಾಹ್ನದ ಸಾಲಿಗೆ ಬಂದರು. ಮೊಂಜಿಯಾ ಎಲ್ಲರಿಗಿಂತ ಕೊನೆಯಲ್ಲಿ, ಒಬ್ಬಳೇ ಒಳಗೆ ಹೋಗಿ ಬಂದಳು.

ತುಹಾಮಿ ಮಂಚದ ಮೇಲೆ ಅಂಗಾತ ಮಲಗಿ, ಹೊಟ್ಟೆಗೆ ಅಂಟಂಟು ಮುಲಾಮು ಹಚ್ಚಿಸಿಕೊಂಡು, ಕಚಗುಳಿ ಆಗುತ್ತದೆಂದು ನಕ್ಕ. ಡಾಕ್ಟರು ಬಲಗಡೆಯ ಪಕ್ಕೆಲುಬಿನ ಕೆಳಗೆ ಕೈ ನಿಲ್ಲಿಸಿದರು. ಅಲ್ಲೇ ಹಿಂದೆ ಮುಂದೆ ಆಡಿಸಿದರು. ಆಮೇಲೆ ನರ್ಸನ್ನು ಹೊರಗೆ ಕಳಿಸಿ, ಪರದೆ ಎಳೆದು, ಲಿವರಿನಲ್ಲಿ ಕಿತ್ತಳೆ ಹಣ್ಣಿನಷ್ಟು ದೊಡ್ಡ ನಾಯಿಗುಳ್ಳೆ ಇದೆ ಎಂದು ಮೆತ್ತಗೆ ಹೇಳಿದರು. ಗೋಡೆ ತೆಳ್ಳಗಿದೆ, ಭಾರ ಎತ್ತಬೇಡಿ, ಹೊಟ್ಟೆಗೆ ಏಟು ಬೀಳದಂತೆ ನೋಡಿಕೊಳ್ಳಿ, ಒಳಗೆ ಒಡೆದರೆ ಆ ನೀರಿನ ನಂಜಿಗೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಬಹುದು, ಕುರಿ ಕೊಯ್ಯುವ ದೊಡ್ಡ ಹಬ್ಬದ ಮೊದಲೇ ತೆಗೆಸಿಬಿಡಿ ಎಂದರು. ಕೈಗೆ ಅದರ ಚಿತ್ರವನ್ನೂ ಕೊಟ್ಟರು.

ಜುಬ್ಬಾ ಇಳಿಸಿಕೊಳ್ಳಲು ಒಮ್ಮೆ ಮರೆತದ್ದು ನಿಜ. ಆದರೆ ಪರದೆಯಿಂದ ಹೊರಗೆ ಬರುವಷ್ಟರಲ್ಲಿ ತುಹಾಮಿ ಮತ್ತೆ ತುಹಾಮಿಯಾಗಿದ್ದ. ಕಾಯುತ್ತಿದ್ದ ಊರಿಗೆ ಹೊಟ್ಟೆ ಬಡಿದು ತೋರಿಸಿದ, ಸ್ವಲ್ಪ ಎಡಗಡೆಗೆ. ವಾರ ಕಳೆದ ಮೇಲೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ನಾಯಿಗುಳ್ಳೆಯ ಸುಳಿವೇ ಇಲ್ಲ ಎಂದಿತ್ತು. ಗುಳ್ಳೆ ಒಡೆಯದೆ ಭದ್ರವಾಗಿದ್ದರೆ ಎಷ್ಟೋ ಸಲ ರಕ್ತಕ್ಕೆ ಅದರ ಸುದ್ದಿಯೇ ತಿಳಿದಿರುವುದಿಲ್ಲ, ನಮ್ಮ ಸಂಶೋಧನೆ ಇರುವುದೇ ಇದಕ್ಕೆ, ಇಂಥ ಕಡೆ ಚಿತ್ರವನ್ನೇ ನಂಬಬೇಕು ಎಂದು ಡಾಕ್ಟರು ಅಂಗಡಿಯ ತನಕ ಬಂದು ಬೇಡಿಕೊಂಡರು.

"ರಕ್ತ ನಂದು, ಮಿಷನ್ ನಿಮ್ದು. ನಾನು ಯಾರನ್ನ ನಂಬ್ಲಿ ಮಗಳೇ?" ಎಂದ ತುಹಾಮಿ.

ಇನ್ನು ನಿಮ್ಮ ಹೆಸರನ್ನು ಆರೋಗ್ಯವಂತರ ಸಾಲಿನಿಂದ ತೆಗೆದು ರೋಗಿಗಳ ಸಾಲಿಗೆ ಹಾಕಬೇಕಾಗುತ್ತದೆ ಎಂದು ಅವರು ಹೇಳಿದಾಗ ಮಾತ್ರ ಅವನಿಗೆ ನಿಜವಾದ ನೋವಾಯಿತು. ಅದೊಂದು ಬೇಡ, ಹೆಸರು ಇದ್ದಲ್ಲೇ ಇರಲಿ ಎಂದು ಗೋಗರೆದ. ಬೇಕಾದರೆ ಮನೆಗೆ ಕುರಿಯ ಒಂದು ತೊಡೆ ಕಳಿಸುತ್ತೇನೆ ಅಂತಲೂ ಅಂದ. ಜೀವ ಹೋದೀತು ಎಂದಾಗ ಇಷ್ಟು ಬೆವರಿರಲಿಲ್ಲ. ಡಾಕ್ಟರು ತಲೆ ಅಲ್ಲಾಡಿಸಿ ಹೋದ ಮೇಲೆ ರಕ್ತದ ಫಲಿತಾಂಶಕ್ಕೆ ಕಟ್ಟು ಹಾಕಿಸಿ, ಗಲ್ಲಾದ ಮೇಲೆ, ತನ್ನಪ್ಪನ ಫೋಟೋದ ಪಕ್ಕ ತೂಗುಹಾಕಿದ. ಹೊಟ್ಟೆಯ ಚಿತ್ರವನ್ನು ಮೊಂಜಿಯಾಳ ಕಡೆ ಎಸೆದು, ಒಲೆಗೆ ಹಾಕು ಎಂದ. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಶುರುವಾಯಿತು ನೋಡಿ ಕುರಿಗಳ ಸ್ಕ್ಯಾನಿಂಗು. ಊರಿನ ಮಂದೆಯಲ್ಲಿ ರೋಗ ಎಷ್ಟಿದೆ ಎಂದು ತಿಳಿಯಲು ಪಶುವೈದ್ಯ ತುಹಾಮಿಯ ಕುರಿಗಳನ್ನೂ ನೋಡಬೇಕಾಗಿತ್ತು. ಬಲಪಕ್ಕೆಯ ಉಣ್ಣೆಯನ್ನು ಅಂಗೈ ಅಗಲ ಬೋಳಿಸಿ, ಅಲ್ಲಿ ಮಿಷನ್ನು ಇಟ್ಟು, ಗುಳ್ಳೆ ಇದೆ ಇಲ್ಲ ಎಂದು ಹೇಳುವನು. ತುಹಾಮಿ ಹಟಕ್ಕೆ ಬಿದ್ದು, ಇದೆ ಎಂದ ಒಂದನ್ನೂ ಇಲ್ಲ ಎಂದ ಒಂದನ್ನೂ ಅವನ ಕಣ್ಣೆದುರೇ ಕೊಯ್ದ. ಎರಡೂ ಹೇಳಿದ ಹಾಗೇ ಇದ್ದವು. ಮತ್ತೆ ಕೊಯ್ದ. ಮತ್ತೆ ಹಾಗೇ. ಅವತ್ತಿನಿಂದ ಅವನು ಆ ಮಿಷನ್ನಿನ ಪರಮಭಕ್ತನಾದ.

ಹಬ್ಬದ ಬೆಳಿಗ್ಗೆ ಕುರಿ ಕೊಯ್ದ ಕೂಡಲೇ ಮೊದಲು ಕೆಂಡದ ಮೇಲೆ ಬೀಳುವುದು ಲಿವರು. ಮನೆಮಂದಿಯೆಲ್ಲ ಸುತ್ತ ಕೂತಿರುವಾಗ ಅದರಲ್ಲಿ ಗುಳ್ಳೆ ಬಂದರೆ ಮನೆಯೊಡೆಯನ ಮಾನ ಹೋಯಿತೆಂದೇ ಲೆಕ್ಕ. ಕುರಿ ಮಾರಿದವನಿಗೆ ವರ್ಷವಿಡೀ ಶಾಪ. ಹಾಗಾಗಿ ಮಿಷನ್ನು ನೋಡಿದ ಕುರಿ ಎಂದರೆ ಜನ ಮುಗಿಬಿದ್ದರು. ತುಹಾಮಿ ಒಂದೊಂದು ಕುರಿಯ ಚಿತ್ರವನ್ನೂ ಅಂಗಡಿಯ ಗೋಡೆಗೆ ಮೊಳೆ ಹೊಡೆದು, ಕೋಲು ಹಿಡಿದು, ಇದು ಲಿವರು, ಇದು ಪಿತ್ತ, ಇಲ್ಲಿ ಕರ್ರಗೆ ದುಂಡಗೆ ಇದ್ದರೆ ಗುಳ್ಳೆ ಎಂದು ಪಾಠ ಹೇಳತೊಡಗಿದ. ಮುಂದಿನ ಸಂತೆಯ ಹೊತ್ತಿಗೆ ಸುತ್ತಲಿನ ವ್ಯಾಪಾರಿಗಳ ಕುರಿಗಳಿಗೆಲ್ಲ ಪಕ್ಕೆ ಬೋಳಾಗಿತ್ತು. ಮಿಷನ್ನು ಕಂಡ ಕುರಿ ಒಂದೂ ಇರಲಿಲ್ಲ, ಕ್ಷೌರ ಕಂಡವೇ ಎಲ್ಲ. ಅವಸರದಲ್ಲಿ ಕೆಲವರು ಎಡಪಕ್ಕೆಯನ್ನೂ ಬೋಳಿಸಿದ್ದರು. ತುಹಾಮಿ ಅವರನ್ನು ಕಂಡು, ಜನರ ಕಣ್ಣಿಗೆ ಮಣ್ಣೆರಚುವುದಕ್ಕೂ ಒಂದು ಮಿತಿ ಬೇಡವೇ ಎಂದು ಕನಿಕರಪಟ್ಟ.

ಮಿಷನ್ನು ಕುರಿಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲವಾದರೆ ನಿಮ್ಮ ವಿಷಯದಲ್ಲಿ ಯಾಕೆ ಹೇಳೀತು ಎಂದು ಡಾಕ್ಟರು ಇನ್ನೊಮ್ಮೆ ಬಂದು ಕೇಳಿದರು. ಕುರಿ ಬಾಯಿಲ್ಲದ ಪ್ರಾಣಿ, ನಾನು ಹಾಗಲ್ಲ, ನನಗೇನಾದರೂ ಆಗಿದ್ದರೆ ನಾನೇ ಹೇಳುತ್ತಿದ್ದೆ ಎಂದು ಉತ್ತರ ಬಂತು.

ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಇರುವಾಗ ಒಂದು ಕೊಬ್ಬಿದ ಟಗರು ಹಗ್ಗ ಹರಿದುಕೊಂಡಿತು. ತುಹಾಮಿ ಕೊಂಬು ಹಿಡಿಯಲು ಎದುರಿಗೆ ಹೋದ. ಟಗರು ತಲೆ ತಗ್ಗಿಸಿ ನುಗ್ಗಿತು. ಅಂಗಳದಲ್ಲಿದ್ದ ಮೊಂಜಿಯಾ ಕೈಯಲ್ಲಿದ್ದ ಬಾಣಲೆಯನ್ನು ಅದರ ಮುಖಕ್ಕೆ ಬೀಸಿದಳು. ಕೊಂಬು ಅವನ ಪಕ್ಕೆಗೆ ತಾಗದೆ ಜುಬ್ಬಾ ಹರಿದುಕೊಂಡು ಗೋಡೆಗೆ ಬಡಿಯಿತು. ಹೊಸ ಬಾಣಲೆ ಹಾಳು ಮಾಡಿದೆಯಲ್ಲೇ ಎಂದು ತುಹಾಮಿ ರೇಗಿದ. ಮೊಂಜಿಯಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬಗ್ಗಿಹೋದ ಬಾಣಲೆಯನ್ನು ಎದೆಗೆ ಅವುಚಿಕೊಂಡು ಅತ್ತಳು. ಬಾಣಲೆಗೆ ಇಷ್ಟೊಂದು ದುಃಖ ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಮರುದಿನ ಕ್ಷೌರಿಕ ಲಮೀನ್ ಹಬ್ಬದ ಕುರಿ ಆರಿಸಲು ಬಂದ. ತುಹಾಮಿ ಕೋಲೆತ್ತಿಕೊಂಡು ಗೋಡೆಯ ಮುಂದೆ ನಿಂತ. ಇದು ಚೊಕ್ಕ, ಇದು ಚೊಕ್ಕ, ಇದು ಒಂಚೂರು ಕೊಬ್ಬು ಜಾಸ್ತಿ ಎನ್ನುತ್ತ ಸಾಲಿನ ಕೊನೆಗೆ ಬಂದವನು ಕೋಲು ನಿಲ್ಲಿಸಿದ.

"ನೋಡು, ಇಲ್ನೋಡು. ಗುಳ್ಳೆ ಅಂದ್ರೆ ಇದು. ಅರ್ಧ ಲಿವರ್ ತಿಂದ್ಹಾಕಿದೆ. ಇದರ ಗೋಡೆ ನೋಡು ಎಷ್ಟು ತೆಳು, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಇದನ್ನ ಹಬ್ಬದವರೆಗೆ ಇಟ್ಕೊಳ್ಳೋನು ಮೂರ್ಖ. ನಾಯಿಗೆ ಹಾಕೋಕೇ ಸರಿ."

ಯಾವ ಕುರಿಯದು ಎಂದು ಲಮೀನ್ ಕೇಳಿದ. ತಪ್ಪಿಯೂ ತನಗೆ ಗಂಟುಬೀಳಬಾರದಲ್ಲ. ಪ್ರತಿ ಚಿತ್ರದ ತಲೆಯ ಮೇಲೂ ಕುರಿಯ ಕಿವಿಯ ನಂಬರು ಇರುತ್ತಿತ್ತು. ಇದರ ತಲೆಯನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ತುಹಾಮಿ ಒಳಗಿನ ಬಾಗಿಲ ಕಡೆ ತಿರುಗಿ, ಇದು ಯಾವುದರದೇ ಎಂದು ಕೂಗಿದ. ಮೊಂಜಿಯಾ ಬಂದು, ಲಮೀನನಿಗೆ ಮೊದಲನೆಯ ಕುರಿಯನ್ನೇ ಖಾಯಂ ಮಾಡಿ ಕಳಿಸಿ, ಅಂಗಡಿಯ ಬಾಗಿಲು ಎಳೆದುಕೊಂಡಳು.

"ಅದು ಕುರಿದಲ್ಲ ತುಹಾಮಿ" ಎಂದಳು. "ನೀನು ಒಲೆಗೆ ಹಾಕು ಅಂದಿದ್ಯಲ್ಲ, ಅದು. ನಿನ್ನೆ ರಾತ್ರಿ ನಾನೇ ಮೊಳೆ ಹೊಡೆದೆ."

ತುಹಾಮಿ ಚಿತ್ರದ ಹತ್ತಿರ ಹೋದ. ದೂರ ಬಂದ. ಮತ್ತೆ ಹತ್ತಿರ ಹೋದ. ಎಷ್ಟು ಹೊತ್ತು ನೋಡಿದರೂ ಆ ಕರಿ ದುಂಡು ಅಲ್ಲೇ ಇತ್ತು. ಮೂವತ್ತು ನಲವತ್ತು ವರ್ಷ ಲಿವರು ನೋಡಿ ತೀರ್ಪು ಹೇಳಿದ ಬಾಯಿ ಈಗಷ್ಟೇ ತೀರ್ಪು ಹೇಳಿ ಮುಗಿಸಿತ್ತು, ಅದೂ ಸಾಕ್ಷಿಯ ಸಮೇತ. ಕೋಲು ಕೆಳಗಿಟ್ಟು, ಮಾಂಸ ಕಡಿಯುವ ಕೊರಡಿನ ಮೇಲೆ ಕೂತ. ಅವನಿಗೆ ಭಯವಾಗಿತ್ತು. ಭಯಪಟ್ಟು ಅಭ್ಯಾಸವಿಲ್ಲದ್ದರಿಂದ ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ, ಬೇರೆ ಮಾತು ತೆಗೆದ.

"ಆಪರೇಷನ್ ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ತುಹಾಮಿ ಮನೇಲೇ ನಾಯಿಗುಳ್ಳೆ ಅಂದ್ರೆ, ಈ ಕೈಯಿಂದ ಯಾರು ಮಾಂಸ ತಗೋತಾರೆ?"

"ಏಳು ವರ್ಷದಿಂದ ತಗೋತಾನೇ ಇದಾರಲ್ಲ."

ಅವನಿಗೆ ತಿಳಿಯಲಿಲ್ಲ. ಮೊಂಜಿಯಾ ತನ್ನ ಬಲಪಕ್ಕೆಯ ಕೆಳಗೆ, ಹಳೆಯ ಹೊಲಿಗೆ ಇದ್ದ ಕಡೆ, ಬಟ್ಟೆಯ ಮೇಲಿಂದಲೇ ಕೈ ಇಟ್ಟುಕೊಂಡಳು.

"ಅದು ಕಲ್ಲಲ್ಲ."

ತುಹಾಮಿ ಅವಳ ಕೈಯನ್ನು ನೋಡಿದ. ಅವನಿಗೆ ಸೂಸ್‌ನ ಆಸ್ಪತ್ರೆ ನೆನಪಾಯಿತು, ಮಂಚದ ಮೇಲಿಟ್ಟ ಸಿಹಿಯ ಡಬ್ಬಿ, ಸಂಜೆಯ ಬಸ್ಸು. ಆಮೇಲೆ ಮೂರು ನೀರಲ್ಲಿ ತೊಳೆದ ಸೊಪ್ಪು, ಪೊರಕೆ, ತಾನು ನಕ್ಕದ್ದು.

"ನನಗ್ಯಾಕೆ ಹೇಳ್ಲಿಲ್ಲ?" ಎಂದ.

"ಕೊಳಕರಿಗೆ ಬರೋ ರೋಗ ಅಂತ ಇದೇ ಜಾಗದಲ್ಲಿ ನಿಂತು ಊರಿಗೆ ಹೇಳ್ತಿದ್ದೋನು ನೀನು. ನಾನು ಒಳಗೆ ನಿಂತು ಕೇಳಿಸ್ಕೊಳ್ತಿದ್ದೆ. ನಿಂಗೆ ಹೇಗೆ ಹೇಳ್ಲಿ?" ಅವಳ ದನಿ ಏರಲಿಲ್ಲ. "ಆ ಡಾಕ್ಟರಮ್ಮ ನನ್ನ ಹೊಲಿಗೆ ನೋಡಿದ ತಕ್ಷಣ ಹಿಡಿದುಬಿಟ್ರು. ಯಾರಿಗೂ ಹೇಳಲ್ಲ ಅಂತ ಅವರ ಕೈಲೂ ಆಣೆ ಹಾಕಿಸ್ಕೊಂಡೆ. ನಿನ್ನ ಮಾನ ಕಾದಿದ್ದು ಸಾಕು ತುಹಾಮಿ. ನಿನ್ನೆ ಆ ಟಗರು ಬಂದಾಗ ನನ್ನ ಜೀವ ಹೋಗಿ ಬಂತು."

ಹಿಂಬಾಗಿಲಲ್ಲಿ ಕೆರೆಯುವ ಸದ್ದಾಯಿತು. ಡಬ್ಬದ ಹೊತ್ತಾಗಿತ್ತು. ತುಹಾಮಿ ಅಭ್ಯಾಸಬಲದಿಂದ ಎದ್ದು, ಡಬ್ಬ ಎತ್ತಿಕೊಂಡು ಬಾಗಿಲು ತೆಗೆದ. ನಾಯಿಗಳು ಬಾಲ ಅಲ್ಲಾಡಿಸುತ್ತ ಎದ್ದು ನಿಂತವು; ಊರಿನಲ್ಲಿ ಅವನನ್ನು ಕಂಡು ಮನಸಾರೆ ಸಂತೋಷಪಡುವವು ಅವಷ್ಟೇ. ಅವನು ಡಬ್ಬ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ಬಾಗಿಲು ಹಾಕಿ, ಅಂಗಳದ ಮೂಲೆಯಲ್ಲಿ ಗುದ್ದಲಿ ತೆಗೆದುಕೊಂಡ. ಭಾರದ ಕೆಲಸ ನಿನಗೆ ಕೂಡದು ಎಂದು ಮೊಂಜಿಯಾ ಗುದ್ದಲಿ ಕಿತ್ತುಕೊಂಡು ತಾನೇ ಆಳವಾಗಿ ಅಗೆದಳು. ಅವನು ಡಬ್ಬದಲ್ಲಿದ್ದುದನ್ನು ಗುಂಡಿಗೆ ಸುರಿದು, ಸುಣ್ಣ ಹಾಕಿ, ಕಾಲಿನಿಂದ ಮಣ್ಣು ಮುಚ್ಚಿದ. ಆಚೆ ನಾಯಿಗಳು ಕತ್ತಲಾಗುವವರೆಗೆ ಊಳಿಟ್ಟವು.

ಆ ವಾರವೇ ಟ್ಯೂನಿಸ್‌ನ ದೊಡ್ಡಾಸ್ಪತ್ರೆಗೆ ಹೋದರು. ಊರಿಗೆ ಹೇಳದೆ ಹೋಗೋಣವೇ ಎಂದು ಬಸ್ಸಿನಲ್ಲಿ ಮೊಂಜಿಯಾ ಕೇಳಿದಳು. ಬಸ್ಸು ಹೊರಟಾಗಿತ್ತು, ಅರ್ಧ ಊರು ಅದರೊಳಗೇ ಇತ್ತು. ತುಹಾಮಿ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಆಸ್ಪತ್ರೆಯ ವಾಸನೆ ಈಗಲೂ ಅವನಿಗೆ ಆಗಲಿಲ್ಲ. ಆದರೆ ಸಂಜೆ ಬಸ್ಸಿಗೆ ವಾಪಸು ಬರುವ ಅನುಕೂಲ ಈ ಸಲ ಇರಲಿಲ್ಲ.

ವಾರ್ಡಿನಲ್ಲಿ ಹತ್ತಾರು ಮಂಚ. ಹಳ್ಳಿಗಳ ಕಡೆಯವರೇ ಹೆಚ್ಚು, ನಮ್ಮೂರಿನವರೂ ಒಬ್ಬಿಬ್ಬರು. ನರ್ಸು ಬಂದು ವಯಸ್ಸು, ಕಸುಬು, ನಾಯಿ ಸಾಕಿದ್ದೀರಾ ಎಂದೆಲ್ಲ ಕೇಳಿಕೊಂಡು ಹೋದಳು. ತುಹಾಮಿ ಗೋಡೆ ನೋಡಿಕೊಂಡು ಗೊಣಗುಟ್ಟುತ್ತ ಉತ್ತರ ಹೇಳುತ್ತಿದ್ದ. ಕೊನೆಯಲ್ಲಿ ಅವಳು, ಮನೆಯಲ್ಲಿ ಮೊದಲು ಯಾರಿಗಾದರೂ ಈ ರೋಗ ಬಂದಿತ್ತೇ ಎಂದು ಕೇಳಿದಳು. ಮೊಂಜಿಯಾ ಅಭ್ಯಾಸದಂತೆ ಇಲ್ಲ ಎನ್ನಲು ಬಾಯಿ ತೆರೆದಳು.

ತುಹಾಮಿ ಎದ್ದು ಕೂತ. ತನ್ನ ಅಂಗಡಿಯಲ್ಲಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ, ಆ ತುದಿಯ ಮಂಚದವರೆಗೂ ಕೇಳುವ ಹಾಗೆ ಹೇಳಿದ.

"ಬಂದಿತ್ತು. ನನ್ನ ಹೆಂಡ್ತಿಗೆ. ನಾನು ಸಾಕಿದ ನಾಯಿಗಳಿಂದ."

ನರ್ಸು ಪೆನ್ನು ಹಿಡಿದು ಮೊಂಜಿಯಾಳ ಮುಖ ನೋಡಿದಳು. ಮೊಂಜಿಯಾ ತಲೆಯ ಬಟ್ಟೆಯ ಸೆರಗಿನಿಂದ ಕಣ್ಣೊರೆಸಿಕೊಂಡು, ಏಳು ವರ್ಷದಲ್ಲಿ ಮೊದಲ ಸಲ ಪರರ ಎದುರು ಗಂಡನ ಮೇಲೆ ದೂರು ಹೇಳಿದಳು.

"ಅವರು ಯಾವಾಗ್ಲೂ ಹೀಗೇ ಜೋರಾಗಿ ಮಾತಾಡೋದು ತಾಯಿ. ನೀನು ಬರ್ಕೋ."